ಗೂಟ ಹೊಡೆಯದ ಕೋಳಿಗೂಡು

ಪ್ರಿಯರೇ, ಒಂದು ಊರು. ಆ ಊರಿನಲ್ಲಿ ಅನುಕೂಲವಾಗಿದ್ದ ಒಬ್ಬ ಮನುಷ್ಯ. ನಾವು ಕಥೆ ಹೇಳುವವರು ಹೀಗೇ ಶುರು ಮಾಡುತ್ತೇವೆ, ಅಲ್ಲವೇ? ಊರಿಗೂ ಹೆಸರಿಲ್ಲ, ಸಾಹುಕಾರನಿಗೂ ಹೆಸರಿಲ್ಲ. ಕೇಳುವವರಿಗೂ ಅದೇ ಹಿತ. ಯಾರೋ ಒಬ್ಬ, ಎಲ್ಲೋ ಒಂದು ಕಡೆ. ನಾವಂತೂ ಅಲ್ಲ.

ಇವತ್ತು ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ಏಕೆಂದರೆ ಈ ಕಥೆಯೊಳಗೆ ನಾನೂ ಇದ್ದೇನೆ. ಈ ಸಭೆಗೆ ಪಾಲಕನಾಗಿ ಬರುವ ಮೊದಲು ನಾನಿದ್ದ ಊರಿನಲ್ಲಿ, ಗದಗಿನ ಆಚೆ, ಎರಡು ವರ್ಷದ ಹಿಂದೆ ನಡೆದದ್ದು ಇದು. ಆ ಮನುಷ್ಯನ ಹೆಸರು ಎಜ್ರಾ ಹೊಂಬಳ. ‘ನನ್ನ ಹೆಸರು ಹಿಡದ ಹೇಳ್ರಿ ಅಯ್ಯನವರ, ಮುಚ್ಚಿ ಹೇಳಬ್ಯಾಡ್ರಿ’ ಎಂದು ಅವರೇ ಹೇಳಿದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ.

ಎಜ್ರಾ ಅವರದು ಕಟ್ಟಿಗೆ ಅಡ್ಡೆ. ಊರಿನ ಅರ್ಧ ಮನೆಗಳ ಬಾಗಿಲು ಚೌಕಟ್ಟು ಅವರ ಅಡ್ಡೆಯಿಂದಲೇ ಹೋದದ್ದು. ಊರವರ ಬಾಯಲ್ಲಿ ಅವರು ‘ಸಾವಕಾರ್ರು’. ಕೆಟ್ಟ ಮನುಷ್ಯ ಅಂದುಕೊಳ್ಳಬೇಡಿ. ಸಭೆಗೆ ತಪ್ಪದೆ ಬರುವವರು, ಸತ್ತವರ ಮನೆಗೆ ಮೊದಲು ಹೋಗಿ ನಿಲ್ಲುವವರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೊಂದು ಹವ್ಯಾಸ ಹತ್ತಿತು. ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದರು. ಹದಿನಾಲ್ಕು ಕೋಳಿ. ಒಂದೊಂದಕ್ಕೂ ಒಂದೊಂದು ಹೆಸರು. ಕೆಂಪಿ, ಸುಂದ್ರಿ, ಮಲ್ಲಿಗಿ, ಹೀಗೆ. ಕರೆದರೆ ಓಡಿ ಬರುತ್ತಿದ್ದವು. ನಾನು ಕಣ್ಣಾರೆ ಕಂಡಿದ್ದೇನೆ.

ಆ ಕೋಳಿಗಳಿಗೆ ಅವರು ಕಟ್ಟಿಸಿದ ಗೂಡನ್ನು ನೀವು ನೋಡಬೇಕಿತ್ತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎದೆಮಟ್ಟ ಎತ್ತರ. ಪೂರಾ ಸಾಗವಾನಿ. ಮುಂದೆ ಜಾಳಿಗೆ, ಮೇಲೆ ಇಳಿಜಾರು ತಗಡು, ಕೆಳಗೆ ಒಂದೊಂದು ಅಡಿಯ ನಾಲ್ಕು ಕಾಲು. ಅಡ್ಡೆಯಿಂದ ನಾಲ್ಕು ಆಳು ಹೊತ್ತು ತಂದು ಹಿತ್ತಲಲ್ಲಿ ಇಳಿಸಿದರು. ಹಿತ್ತಲಿಗೆ ಅದೇ ತಿಂಗಳು ಹೊಸ ಫರ್ಸಿ ಹಾಸಿಸಿದ್ದರು, ನುಣುಪಾದ ಕಲ್ಲು, ಕೂಡಿಸಿದ ಗೆರೆಯೂ ಕಾಣದ ಹಾಗೆ. ಆ ಫರ್ಸಿಯ ಮೇಲೆ ಗೂಡು ನಿಂತಿತು. ಸುಮ್ಮನೆ ನಿಂತಿತು. ನೋಡಿ, ಈ ಮಾತು ನೆನಪಿಡಿ. ಸುಮ್ಮನೆ, ತನ್ನ ಭಾರದ ಮೇಲೆ.

ಹಿತ್ತಲಿನ ಗೋಡೆಯ ಆಚೆ ಮನೆ ದಾವಲಸಾಬನದು. ದಾವಲಸಾಬ ಪೆಂಡಾಲ್ ಹಾಕುವವನು. ಮದುವೆ, ಮುಂಜಿವೆ, ನಮ್ಮ ಸಭೆಯ ಸುಗ್ಗಿ ಹಬ್ಬ, ಎಲ್ಲಕ್ಕೂ ಅವನೇ. ಇಪ್ಪತ್ತೈದು ವರ್ಷ ಗಾಳಿಯ ಜೊತೆ ಗುದ್ದಾಡಿದವನು. ಅವನು ಗೋಡೆಯ ಆಚೆಯಿಂದ ಗೂಡು ನೋಡಿದ. ಮೊದಲ ದಿನವೇ ಕೇಳಿದ.

‘ಸಾವಕಾರ್ರ, ಗೂಡು ಚಂದ ಆಗೇತಿ. ಆದರ ನೆಲಕ್ಕ ಕಟ್ಟಿಲ್ಲಲ್ರಿ?’

‘ಕಟ್ಟೋದೇನೋ? ಸಾಗವಾನಿ ಐತಿ. ನಾಲ್ಕು ಮಂದಿ ಹೊತ್ತಾರ. ಇದೇನು ನಿನ್ನ ಪೆಂಡಾಲ್ ಅರಿವಿ ಏನು, ಹಾರಾಕ?’

‘ಭಾರ ಐತಿ ಅಂತ ತಿಳೀಬ್ಯಾಡ್ರಿ. ಮುಂದ ಜಾಳಗಿ ಐತಿ, ಗಾಳಿ ಒಳಗ ಹೊಗತೈತಿ. ಕೆಳಗ ಕಾಲಿನ ನಡುವನೂ ಹೊಗತೈತಿ. ಮ್ಯಾಲೆ ತಗಡು ಒಂದು ಫೂಟು ಹೊರಗ ಬಂದೈತಿ. ಗಾಳಿ ಆ ತಗಡಿಗೆ ಕೆಳಗಿಂದ ಹೊಡದ್ರ ಭಾರ ಇರಂಗಿಲ್ರಿ. ನಾಲ್ಕು ಮೂಲ್ಯಾಗ ನಾಲ್ಕು ಕಬ್ಬಿಣದ ಗೂಟ, ಎರಡು ಫೂಟು ನೆಲದಾಗ ಹೋಗಬೇಕು. ತಂತಿ ಬಿಗದು ಕಟ್ಟಿದ್ರ ಆತು.’

‘ಗೂಟ ಹೊಡೀಬೇಕಂದ್ರ ಫರ್ಸಿ ಒಡೀಬೇಕು’ ಎಂದರು ಎಜ್ರಾ. ‘ಹೋದ ವಾರ ಹಾಸೀನಿ.’

ಅಷ್ಟಕ್ಕೇ ಮಾತು ಮುಗಿಯಿತು.

ದಾವಲಸಾಬ ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಲಸವಿಲ್ಲದ ಒಂದು ದಿನ ತನ್ನ ಪೆಂಡಾಲಿನ ನಾಲ್ಕು ಗೂಟ, ದೊಡ್ಡ ಸುತ್ತಿಗೆ ಹಿಡಿದುಕೊಂಡು ತಾನೇ ಬಂದ. ‘ನಾಲ್ಕು ಕಲ್ಲಷ್ಟ ಎಬ್ಬಸ್ತೀನ್ರಿ, ಮತ್ತ ಕೂಡಿಸಿ ಕೊಡ್ತೀನಿ. ಗೊತ್ತೂ ಆಗಂಗಿಲ್ಲ’ ಎಂದ. ಆವತ್ತು ನಾನೂ ಅಲ್ಲಿದ್ದೆ, ಎಜ್ರಾ ಅವರ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ನಾನು ಏನು ಹೇಳಿದೆ ಗೊತ್ತೇ? ಸಭಾಪಾಲಕ, ನಿಮಗೆ ಪ್ರತಿ ಭಾನುವಾರ ಬುದ್ಧಿ ಹೇಳುವವನು. ನಾನು ಹೇಳಿದೆ: ‘ದಾವಲಸಾಬ, ನಿನ್ನ ಕಣ್ಣಿಗೆ ಎಲ್ಲಾ ಪೆಂಡಾಲ್ ಕಂಡಂಗ ಕಾಣತೈತಿ ನೋಡು.’ ಎಜ್ರಾ ನಕ್ಕರು. ನಾನೂ ನಕ್ಕೆ. ದಾವಲಸಾಬನೂ ಸ್ವಲ್ಪ ನಕ್ಕ, ನಾವು ನಕ್ಕೆವಲ್ಲ ಎಂದು. ಗೂಟಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

ಗೂಡು ನಾಲ್ಕು ವರ್ಷ ಅಲ್ಲೇ ನಿಂತಿತ್ತು. ಏನೂ ಆಗಲಿಲ್ಲ. ನಾಲ್ಕು ಮುಂಗಾರು ಬಂದವು, ಹೋದವು. ಏನೂ ಆಗಲಿಲ್ಲ. ಏನೂ ಆಗದೆ ಕಳೆದ ಪ್ರತಿ ವರ್ಷವೂ ಎಜ್ರಾ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ನೋಡಿ, ನಾವು ಏನನ್ನು ಸಾಕ್ಷಿ ಎಂದು ತಿಳಿಯುತ್ತೇವೆ. ಗಾಳಿ ಆ ಮೂಲೆಗೆ ಬಂದಿರಲಿಲ್ಲ, ಅಷ್ಟೇ. ನಾವು ಅದನ್ನು ಗೂಡು ಗಟ್ಟಿ ಎಂದು ಓದಿಕೊಂಡೆವು.

ಐದನೆಯ ವರ್ಷದ ಮೇ ತಿಂಗಳು. ಶನಿವಾರ ಮಧ್ಯಾಹ್ನ. ಮೂರೂವರೆ ಇರಬಹುದು. ನಾನು ಎಜ್ರಾ ಅವರ ಮನೆಯಲ್ಲಿದ್ದೆ. ಬಿಸಿಲು ಇದ್ದದ್ದು ಇದ್ದ ಹಾಗೇ ಮಂಕಾಯಿತು. ಪಶ್ಚಿಮದ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಆಮೇಲೆ ಗಾಳಿ ಎದ್ದಿತು. ಬೀದಿಯ ಕೆಂಪು ಧೂಳೆಲ್ಲ ಗೋಡೆಯಂತೆ ಎದ್ದು ಬಂತು. ನಾವಿಬ್ಬರೂ ಓಡಾಡಿ ಕಿಟಕಿ ಹಾಕಿದೆವು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಬೆನ್ನು ಕೊಟ್ಟು ನಿಂತೆವು. ಆಗ ಹೊರಗೆ ಒಂದು ಸದ್ದು. ಏನೋ ಕಿತ್ತು ಬಂದ ಹಾಗೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೊಪ್ಪನೆ ಬಿದ್ದ ಸದ್ದು, ಕಾಲ ಕೆಳಗಿನ ನೆಲಕ್ಕೆ ತಿಳಿಯುವಷ್ಟು.

ಎಜ್ರಾ ಬಾಗಿಲು ತೆರೆದರು.

ಗೂಡು ಇರಲಿಲ್ಲ.

ನಾನು ಹೇಗೆ ಹೇಳಲಿ ನಿಮಗೆ? ನಾಲ್ಕು ವರ್ಷ ನೋಡಿದ ವಸ್ತು, ನಾಲ್ಕು ಆಳು ಹೊತ್ತ ವಸ್ತು. ಅದು ಮುರಿದು ಬಿದ್ದಿರಲಿಲ್ಲ, ವಾಲಿರಲಿಲ್ಲ, ಸರಿದಿರಲಿಲ್ಲ. ಇರಲೇ ಇಲ್ಲ. ಫರ್ಸಿಯ ಮೇಲೆ ಗೂಡಿನ ಕಾಲು ಇದ್ದ ಕಡೆ ನಾಲ್ಕು ಕಪ್ಪು ಚೌಕ ಮಾತ್ರ. ನಡುವೆ ಒಂದು ಮೊಟ್ಟೆ, ಒಡೆಯದೆ, ಗಾಳಿಗೆ ಅತ್ತ ಇತ್ತ ಉರುಳಾಡುತ್ತಿತ್ತು. ಎಜ್ರಾ ಆ ನಾಲ್ಕು ಚೌಕಗಳನ್ನೇ ನೋಡುತ್ತಾ ನಿಂತುಬಿಟ್ಟರು. ಎದೆಮಟ್ಟದ ಗೋಡೆಯ ಮೇಲಿನ ಸಾಲಿನ ಇಟ್ಟಿಗೆ ಹಾರಿಹೋಗಿದ್ದವು. ಗೂಡು ಗೋಡೆ ದಾಟಿ ದಾವಲಸಾಬನ ಅಂಗಳಕ್ಕೆ ಹೋಗಿತ್ತು.

ಒಳಗೆ ಕೋಳಿಗಳು ಕಿರುಚುತ್ತಿದ್ದವು. ಆ ಕೂಗಿಗೆ ಎಜ್ರಾ ಅವರಿಗೆ ಪ್ರಾಣ ಬಂತು. ಅರವತ್ತೆರಡು ವರ್ಷದ ಮನುಷ್ಯ ಗೋಡೆ ಹತ್ತಿ ಜಿಗಿದರು. ಹಿಂದೆಯೇ ನಾನು. ಗೂಡು ಬೆನ್ನ ಮೇಲೆ ಬಿದ್ದಿತ್ತು. ಜಾಳಿಗೆ, ಬಾಗಿಲು ಆಕಾಶಕ್ಕೆ ಮುಖ ಮಾಡಿದ್ದವು. ತಗಡು ಕಿತ್ತು ನಮ್ಮ ಕಡೆಗೆ ಪರದೆಯ ಹಾಗೆ ಜೋತಿತ್ತು. ಎಜ್ರಾ ಅದರ ಮೇಲೆ ಹತ್ತಿದರು. ಬಾಗಿಲು ತೆರೆದರು. ಗಾಳಿಗೆ ಬಾಗಿಲು ಪಟಪಟ ಬಡಿಯುತ್ತಿತ್ತು. ಅದನ್ನು ಹಿಡಿದುಕೊಳ್ಳಲು ನಾನೂ ಹತ್ತಿದೆ. ಇಬ್ಬರೂ ಗೂಡಿನ ಮೇಲೆ. ಎಜ್ರಾ ಬಗ್ಗಿ ಕೈ ಹಾಕಿ ಒಂದೊಂದೇ ಕೋಳಿ ತೆಗೆದರು. ‘ಬಾ ಕೆಂಪಿ. ಬಾರವ್ವಾ. ಮಲ್ಲಿಗಿ, ಎಲ್ಲಿದ್ದೀ? ಅಂಜಬ್ಯಾಡ, ನಾ ಬಂದೀನಿ.’ ಒಂದೊಂದನ್ನೂ ತಡವಿ ನೋಡಿ ಕೆಳಗೆ ಬಿಟ್ಟರು. ಒಂದೊಂದರ ಹೆಸರು ಕರೆದರು.

ಅಂಗಳದ ತುಂಬ ಶಾವಿಗೆ ಚೆಲ್ಲಿತ್ತು. ದಾವಲಸಾಬನ ಹೆಂಡತಿ ಹುಸೇನಬಿ ಮಗಳ ಮನೆಗೆ ಕಳಿಸಲು ಹೊಸೆದು, ಹಗ್ಗ ಹೆಣೆದ ಹೊರಸಿನ ಮೇಲೆ ಬಟ್ಟೆ ಹಾಸಿ ಒಣಹಾಕಿದ್ದ ಶಾವಿಗೆ. ಅದು ನಮಗೆ ಕಂಡಿತು. ಕಾಣಲಿಲ್ಲ ಎನ್ನುವ ಹಾಗಿಲ್ಲ. ಎಜ್ರಾ ಒಂದು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೇಳಿದರು: ‘ಪಾಪ, ಶಾವಿಗಿ ಎಲ್ಲಾ ಮಣ್ಣಾತು. ಹುಸೇನಬೀಗೆ ರವಾ ಕೊಡಸಿದ್ರಾತು.’ ‘ಹೌದ್ರಿ’ ಎಂದೆ ನಾನು.

ಪ್ರಿಯರೇ, ಶಾವಿಗೆ ಕಂಡಿತು. ಗಾಳಿ ಎದ್ದಾಗ ಯಾವ ಹೆಂಗಸಾದರೂ ಮೊದಲು ಎಲ್ಲಿಗೆ ಓಡುತ್ತಾಳೆ? ಒಣಹಾಕಿದ್ದನ್ನು ತೆಗೆಯಲು ಓಡುತ್ತಾಳೆ. ಇಷ್ಟು ನಮಗೆ ಗೊತ್ತಿಲ್ಲವೇ? ನನ್ನ ತಾಯಿ ಓಡುತ್ತಿದ್ದಳು, ನಿಮ್ಮ ತಾಯಿ ಓಡುತ್ತಿದ್ದಳು. ನಾವಿಬ್ಬರೂ ಶಾವಿಗೆ ನೋಡಿದೆವು. ಶಾವಿಗೆ ಒಣಹಾಕಿದವಳು ಎಲ್ಲಿ ಎಂದು ಕೇಳಲಿಲ್ಲ. ಐದು ನಿಮಿಷ. ಐದು ನಿಮಿಷ ನಾವು ಆ ಗೂಡಿನ ಮೇಲೆ ನಿಂತಿದ್ದೆವು.

ಅಷ್ಟರಲ್ಲಿ ದಾವಲಸಾಬನ ಗಾಡಿ ಬಂತು. ಗಾಳಿ ಏಳುವ ಸುಳಿವು ಮೊದಲೇ ಹಿಡಿದು ಎಲ್ಲೋ ಹಾಕಿದ್ದ ಪೆಂಡಾಲ್ ಇಳಿಸಿ, ಬೊಂಬು ಹೇರಿಕೊಂಡು ಮನೆಗೆ ಬಂದಿದ್ದ. ನಮ್ಮನ್ನು ನೋಡಿದ. ಮನೆಯೊಳಗೆ ಹೋಗಿ ಹೆಂಡತಿಯನ್ನು ಕೂಗಿದ. ಹೊರಗೆ ಬಂದ.

‘ಸಾವಕಾರ್ರ, ಆಕಿ ಎಲ್ಲಿ?’

‘ಒಳಗ ಇರಬೇಕಲ್ಲೋ.’

‘ಒಳಗ ಇಲ್ರಿ.’

ಅವನು ಶಾವಿಗೆ ನೋಡಿದ. ಗೂಡು ನೋಡಿದ. ಸುತ್ತು ಹಾಕಿ ಆ ಕಡೆಗೆ ಹೋದ, ನಮಗೆ ತಗಡು ಅಡ್ಡವಾಗಿದ್ದ ಕಡೆಗೆ. ಬಗ್ಗಿದ. ಮೇಲೆದ್ದ. ಕೂಗಲಿಲ್ಲ, ಬೈಯಲಿಲ್ಲ. ಮಲಗಿದ ಮಗು ಎದ್ದೀತು ಎನ್ನುವ ಹಾಗೆ ಮೆಲ್ಲಗೆ ಹೇಳಿದ.

‘ಇಳೀರಿ. ಇಬ್ಬರೂ ಸಾವಕಾಶ ಇಳೀರಿ. ಜಿಗೀಬ್ಯಾಡ್ರಿ.’

‘ಯಾಕೋ?’ ಎಂದೆ ನಾನು.

‘ಆಕಿ ನಿಮ್ಮ ಕಾಲ ಕೆಳಗ ಅದಾಳ್ರಿ, ಪಾದ್ರಿಯವರ.’

ಆ ಮಾತು ಕೇಳಿ ಎರಡು ವರ್ಷವಾಯಿತು. ನನ್ನ ಅಂಗಾಲು ಇನ್ನೂ ಮರೆತಿಲ್ಲ.

ನಾವು ಹೇಗೆ ಇಳಿದೆವೋ ಗೊತ್ತಿಲ್ಲ. ದಾವಲಸಾಬ ಗಾಡಿಯಿಂದ ಎರಡು ಬೊಂಬು ಎಳೆದು ತಂದ. ಗೂಡಿನ ಅಂಚಿಗೆ ಕೊಟ್ಟು ಮೀಟಿದ. ‘ನೀವು ಎತ್ತರಿ, ನಾ ಎಳಕೋತೀನಿ’ ಎಂದ. ಎತ್ತಿದೆವು. ಅವನು ಹೆಂಡತಿಯನ್ನು ಹೆಗಲ ಕೆಳಗೆ ಕೈ ಕೊಟ್ಟು ಹೊರಗೆ ಎಳೆದುಕೊಂಡ. ಅವಳ ಕಣ್ಣು ತೆರೆದಿದ್ದವು. ತುಟಿ ನೀಲಿಯಾಗಿದ್ದವು. ಎಡ ತೊಡೆ ಇರಬಾರದ ರೀತಿಯಲ್ಲಿ ತಿರುಗಿತ್ತು. ಒಂದು ಕೈಯಲ್ಲಿ ಶಾವಿಗೆಯ ಬಟ್ಟೆಯ ತುದಿ, ಮುಷ್ಟಿಯಲ್ಲಿ, ಬಿಟ್ಟಿರಲಿಲ್ಲ. ಉಸಿರಾಡುತ್ತಿದ್ದಳು. ಬೊಂಬು ಇಳಿಸಿ ಅದೇ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಎಜ್ರಾ ಅವರ ಅಂಗಿಗೆ ಕೋಳಿಪುಕ್ಕ ಅಂಟಿದ್ದವು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಪಕ್ಕೆಲುಬು ನಾಲ್ಕು. ಬದುಕುತ್ತಾಳೆ ಎಂದು ವೈದ್ಯರು ಹೇಳಲು ಮೂರು ದಿನ ಹಿಡಿಯಿತು. ಆ ಮೂರು ದಿನ ಮತ್ತು ಅದರ ಮುಂದಿನ ಒಂದು ವಾರ, ಎಜ್ರಾ ಅವರ ಮನೆಗೆ ಜನ ಬಂದು ಸಮಾಧಾನ ಹೇಳಿದ್ದೇ ಹೇಳಿದ್ದು. ‘ಗಾಳಿ ಯಾರ ಕೈಯಾಗೈತ್ರಿ?’ ‘ದೇವರ ಚಿತ್ತ.’ ‘ಇಷ್ಟು ವರ್ಷ ಹಾರದ್ದು ಇವತ್ತು ಹಾರೇತಿ ಅಂದ್ರ ನೀವೇನು ಮಾಡ್ತೀರಿ?’ ಎಜ್ರಾ ಎಲ್ಲ ಕೇಳಿಸಿಕೊಂಡರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ನನ್ನನ್ನು ಕೇಳಿದರು.

‘ಅಯ್ಯನವರ, ನೀವು ಹೇಳ್ರಿ. ಇದು ದೇವರ ಚಿತ್ತ ಏನು?’

ಹೌದು ಎಂದುಬಿಡಬೇಕು ಅನ್ನಿಸಿತು ನನಗೆ. ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಅವರು ಪಾರಾದರೆ ನಾನೂ ಪಾರಾಗುತ್ತಿದ್ದೆ. ಗೂಟ ಹಿಡಿದು ಬಂದವನನ್ನು ನೋಡಿ ನಕ್ಕವನು ನಾನು. ಗೂಡಿನ ಮೇಲೆ ಹತ್ತಿ ನಿಂತವನು ನಾನು. ಕೊನೆಗೆ ಹೇಳಿದೆ: ‘ಗಾಳಿ ದೇವರದು ಇರಬಹುದು. ಗೂಟ ನಮ್ಮದಿತ್ತು.’

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಹುಸೇನಬಿಗೆ ಮಾತಾಡುವಷ್ಟು ಶಕ್ತಿ ಬಂದಿತ್ತು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ದಾವಲಸಾಬ ಪಕ್ಕದಲ್ಲಿ ನಿಂತಿದ್ದ, ನಮಗೆ ಕೂರಲು ಹೇಳಲಿಲ್ಲ. ಎಜ್ರಾ ಮಂಚದ ಪಕ್ಕ ಕೈ ಜೋಡಿಸಿ ನಿಂತರು.

‘ತಪ್ಪಾತವ್ವಾ’ ಎಂದರು.

ಹುಸೇನಬಿ ಸೂರು ನೋಡುತ್ತಲೇ ಹೇಳಿದಳು. ಸಿಟ್ಟಿನಿಂದ ಅಲ್ಲ. ಆದದ್ದನ್ನು ಆದ ಹಾಗೆ ಹೇಳುವವರ ದನಿಯಲ್ಲಿ.

‘ಗೂಡು ಮೊದಲ ನನ್ನ ತೊಡಿ ಮ್ಯಾಲೆ ಇತ್ರಿ ಸಾವಕಾರ್ರ. ಒಂದು ಕಡೆ ಹೊರಸು ತಡದಿತ್ತು. ಬ್ಯಾನಿ ಇತ್ತು, ಆದರ ಉಸಿರು ಆಡತಿತ್ತು. ಕೂಗಬೇಕು ಅನ್ನೋದ್ರಾಗ ನೀವು ಹತ್ತಿದ್ರಿ. ಹೊರಸಿನ ಕಾಲು ಮುರೀತು. ಎದಿ ಮ್ಯಾಲೆ ಬಂತು. ಆಮ್ಯಾಲ ಕೂಗಾಕ ಆಗಲಿಲ್ಲ.’

ಅವಳು ತಲೆಯನ್ನು ನಮ್ಮ ಕಡೆ ತಿರುಗಿಸಿದಳು.

‘ನಿಮ್ಮ ಮಾತೆಲ್ಲಾ ಕೇಳಸತಿತ್ರಿ. ಒಂದೊಂದು ಕೋಳಿ ಹೆಸರು ಹಿಡದು ಕರಿಯಾಕತ್ತಿದ್ರಿ. ನನ್ನ ಹೆಸರೂ ಒಮ್ಮೆ ಕರೀತಾರ ಅಂತ ಕಾಯಾಕತ್ತಿದ್ದೆ. ನನ್ನ ಹೆಸರು ಬಂತು. ರವಾ ಕೊಡಸ್ತೀನಿ ಅಂದ್ರಿ.’

ಎಜ್ರಾ ನೆಲಕ್ಕೆ ಕುಸಿದು ಕೂತರು. ಆ ದೊಡ್ಡ ಮನುಷ್ಯ ಮಂಚದ ಕಾಲು ಹಿಡಿದು ಅತ್ತದ್ದನ್ನು ನಾನು ನೋಡಿದೆ. ದಾವಲಸಾಬ ಎಬ್ಬಿಸಲಿಲ್ಲ. ಎಬ್ಬಿಸಬೇಕಾಗಿಯೂ ಇರಲಿಲ್ಲ.

ಪೊಲೀಸಿನವರು ಹೇಳಿಕೆ ಬರೆದುಕೊಳ್ಳಲು ಬಂದಾಗ ಹವಾಲ್ದಾರರು ತಾವೇ ದಾರಿ ಮಾಡಿಕೊಟ್ಟರು: ‘ಬಿರುಗಾಳಿಗೆ ಹಾರಿ ಬಿತ್ತು ಅಂತ ಬರೀಲೇನ್ರಿ ಸಾವಕಾರ್ರ?’ ಎಜ್ರಾ ಹೇಳಿದರು: ‘ಕಟ್ರಿ ಅಂತ ಎರಡು ಸಲ ಹೇಳಿದ್ರೂ ನಾ ಕಟ್ಟಲಿಲ್ಲ ಅಂತ ಬರೀರಿ. ಗಾಳಿ ಅಂತ ಆಮ್ಯಾಲ ಬರೀರಿ.’ ಹಾಗೆಯೇ ಬರೆಸಿದರು, ಸಹಿ ಮಾಡಿದರು. ಕೋರ್ಟಿಗೂ ಹೋದರು, ಶಿಕ್ಷೆಯನ್ನೂ ಒಪ್ಪಿಕೊಂಡರು.

ಹುಸೇನಬಿ ಈಗ ನಡೆಯುತ್ತಾಳೆ. ಎಡಗಾಲು ಒಂದಿಷ್ಟು ಗಿಡ್ಡವಾಗಿದೆ, ಕೋಲು ಬೇಕು. ಕೂತು ಶಾವಿಗೆ ಹೊಸೆಯಲು ಇನ್ನು ಆಗುವುದಿಲ್ಲ. ಎಜ್ರಾ ಗೂಡನ್ನು ಮತ್ತೆ ನಿಲ್ಲಿಸಲು ತಮ್ಮ ಫರ್ಸಿಯನ್ನು ತಾವೇ ಹಾರೆ ಹಿಡಿದು ಎಬ್ಬಿಸಿದರು, ನಾಲ್ಕು ಕಲ್ಲು. ಮನೆಗೆ ಬಂದು ಗೂಟ ಹೊಡೆಯುವುದನ್ನು ಕಲಿಸಿಕೊಡು ಎಂದು ದಾವಲಸಾಬನನ್ನು ಕೇಳಿಕೊಂಡರು. ಅವನು ಒಂದು ತಿಂಗಳು ಬರಲಿಲ್ಲ. ಆಮೇಲೊಂದು ದಿನ ಬಂದ. ‘ಗೂಟ ನೆಟ್ಟಗ ಹೊಡೀಬ್ಯಾಡ್ರಿ, ತಲಿ ಹೊರಗ ವಾಲಿರಬೇಕು. ತಂತಿ ಸಡಲ ಆಗ್ಯಾವೇನು ಅಂತ ಮಳಿಗಾಲಕ್ಕ ಮೊದಲ ನೋಡ್ರಿ’ ಎಂದು ತೋರಿಸಿಕೊಟ್ಟು, ಒಳಗೆ ಬಾ ಎಂದರೂ ಬಾರದೆ ಹೋದ. ಅವರಿಬ್ಬರ ನಡುವೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಸರಿಹೋಗಿಲ್ಲ. ದಿನಾ ನಮಸ್ಕಾರ ಇದೆ. ಅಷ್ಟು ಇರುವುದೇ ದೊಡ್ಡದು.

ಈಗ ನಿಮ್ಮ ಕಡೆ ತಿರುಗುತ್ತೇನೆ.

ನಮ್ಮ ಮನೆಯಲ್ಲಿ ಕೋಳಿಗೂಡು ಇಲ್ಲವಲ್ಲ ಎಂದು ಯಾರೋ ಒಳಗೊಳಗೇ ನಿಟ್ಟುಸಿರು ಬಿಟ್ಟಿರಬಹುದು. ನಿಮ್ಮ ಮಾಳಿಗೆಯ ಮೇಲೆ ಏನಿದೆ? ನೀರಿನ ಟಾಕಿ ಇದೆ. ಬೇಸಿಗೆಯಲ್ಲಿ ಅರ್ಧ ಖಾಲಿ, ಕೆಳಗೆ ನಾಲ್ಕು ಇಟ್ಟಿಗೆ. ಕಟ್ಟಿದ್ದೀರಾ? ಹಿತ್ತಲ ಚಪ್ಪರದ ತಗಡಿನ ಮೇಲೆ ಕಲ್ಲು ಹೇರಿದ್ದೀರಿ. ತಗಡು ಎದ್ದರೆ ಆ ಕಲ್ಲು ಎಲ್ಲಿಗೆ ಹೋಗುತ್ತದೆ, ಯೋಚಿಸಿದ್ದೀರಾ? ಮೇಲ್ಮನೆಯ ತುದಿಗೋಡೆಯ ಮೇಲೆ ಹೂವಿನ ಕುಂಡ ಸಾಲಾಗಿ ಇಟ್ಟಿದ್ದೀರಲ್ಲ ಅಕ್ಕಾ, ಕೆಳಗೆ ದಾರಿ ಇದೆ. ಅಂಗಡಿ ಮುಂದಿನ ಬೋರ್ಡಿಗೆ ಎರಡು ಮೊಳೆ ಹೋಗಿ ಆರು ತಿಂಗಳಾಯಿತಲ್ಲ ಅಣ್ಣಾ. ನಾನು ಪ್ರತಿದಿನ ಅದರ ಕೆಳಗೆ ಹೋಗುತ್ತೇನೆ, ನಾನೂ ನಿಮಗೆ ಹೇಳಲಿಲ್ಲ.

‘ಇಷ್ಟು ದಿನ ಏನೂ ಆಗಿಲ್ಲ.’ ಈ ಮಾತನ್ನು ಇವತ್ತಿನಿಂದ ಬಾಯಿಂದ ತೆಗೆಯಿರಿ. ಮನೆಯಲ್ಲಿ ಯಾರಾದರೂ ಆಡಿದರೆ ಅಲ್ಲೇ ತಡೆಯಿರಿ. ಇಷ್ಟು ದಿನ ಏನೂ ಆಗದೆ ಇದ್ದದ್ದು ನಿಮ್ಮ ಜಾಣತನ ಅಲ್ಲ. ಇನ್ನೊಬ್ಬರ ಅದೃಷ್ಟ.

ಕಟ್ಟು ಎಂದು ಹೇಳಿದವರು ಯಾರಾದರೂ ಇದ್ದಾರಾ ನಿಮಗೆ? ಇರುತ್ತಾರೆ. ನೆರೆಯವರೋ, ಕೆಲಸಕ್ಕೆ ಬರುವವರೋ, ನಿಮಗಿಂತ ಕಡಿಮೆ ಓದಿದವರೋ. ನೀವು ನಕ್ಕಿದ್ದೀರಿ. ನಾನೂ ನಕ್ಕಿದ್ದೆ. ನಾಳೆ ಬೆಳಗ್ಗೆ ಅವರ ಬಾಗಿಲಿಗೆ ಹೋಗಿ, ನೀನು ಹೇಳಿದ್ದು ಸರಿ, ಹೇಗೆ ಕಟ್ಟಬೇಕು ತೋರಿಸು ಎಂದು ಕೇಳಿ. ನಾಚಿಕೆಯಾಗುತ್ತದೆ. ಆಗಲಿ. ಆಸ್ಪತ್ರೆಯ ನೆಲದ ಮೇಲೆ ಕೂರುವ ನಾಚಿಕೆಗಿಂತ ಅದು ಚಿಕ್ಕದು, ನನ್ನ ಮಾತು ನಂಬಿ.

ಮತ್ತೆ, ಎಂದಾದರೂ ನಿಮ್ಮ ಮನೆಯದೇನಾದರೂ ಬಿದ್ದ ಸದ್ದು ಕೇಳಿದರೆ, ಮೊದಲು ನಿಮ್ಮ ವಸ್ತುವನ್ನು ಹುಡುಕಬೇಡಿ. ಆಚೆ ಯಾರಿದ್ದಾರೆ ಎಂದು ಹುಡುಕಿ. ಮನುಷ್ಯರ ಹೆಸರು ಮೊದಲು ಕೂಗಿ. ಕೂಗಿ, ಉತ್ತರ ಬರುವವರೆಗೆ ಕಿವಿ ಕೊಟ್ಟು ನಿಲ್ಲಿ. ಹೆಸರೇ ಗೊತ್ತಿಲ್ಲವೇ? ಹತ್ತು ವರ್ಷ ಒಂದೇ ಗೋಡೆ ಹಂಚಿಕೊಂಡು ಹೆಸರು ಗೊತ್ತಿಲ್ಲವೇ? ಹಾಗಾದರೆ ಇವತ್ತೇ ಕೇಳಿಕೊಳ್ಳಿ.

ನಾನು ಇನ್ನೂ ಮಾತಾಡಬಹುದು. ಮಾತಾಡುವುದಿಲ್ಲ. ಈಗ ಹನ್ನೊಂದು ಗಂಟೆ. ಈ ತಿಂಗಳಲ್ಲಿ ಗಾಳಿ ಮೂರರ ಮೇಲೆ ಏಳುತ್ತದೆ. ನಿಮಗೆ ನಾಲ್ಕು ತಾಸು ಇದೆ. ಇಲ್ಲಿಂದ ನೆಟ್ಟಗೆ ಮನೆಗೆ ಹೋಗಿ, ಊಟಕ್ಕೆ ಕೂರುವ ಮೊದಲು ಮಾಳಿಗೆ ಹತ್ತಿ. ತಂತಿ, ಹಗ್ಗ ಸಭೆಯ ಹಿಂದಿನ ಕೋಣೆಯಲ್ಲಿ ತರಿಸಿ ಇಟ್ಟಿದ್ದೇನೆ, ಬೇಕಾದವರು ಒಯ್ಯಿರಿ. ಏಣಿ ಇಲ್ಲದವರು ಸಭೆಯ ಏಣಿ ಒಯ್ಯಿರಿ, ಒಬ್ಬರ ಮನೆ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಿ. ವಯಸ್ಸಾದವರ ಮನೆಗೆ ನಾನೇ ಬರುತ್ತೇನೆ, ಸುತ್ತಿಗೆ ಹಿಡಿದುಕೊಂಡು.

ಕೊನೆಯ ಪ್ರಾರ್ಥನೆ ಈಗ ಮಾಡುವುದಿಲ್ಲ. ಅದನ್ನು ಸಂಜೆ ಆರಕ್ಕೆ ಮಾಡೋಣ, ಎಲ್ಲ ಕಟ್ಟಿ ಮುಗಿಸಿ ಬಂದ ಮೇಲೆ. ಏಳಿ.